ಹಾರ್ಮೋನಿಯಂ ಮೇಷ್ಟ್ರ ಕಾಯಕ

ಹಾರ್ಮೋನಿಯಂ ವಾದ್ಯದ ಬಿಳಿ ಮತ್ತು ಕರಿ ಪಟ್ಟಿಗಳನ್ನು ನಮ್ಮ ಸೀಮೆಯ ಸಂಗೀತಗಾರರು 'ಮನೆ' ಎಂದು ಕರೆಯುತ್ತ ಬಂದಿದ್ದಾರೆ. ಬಿಳಿಯದು ಇಡೀ ಮನೆ, ಕರಿಯದು ಅರ್ಧ ಕೂಡಿದ ಮನೆ. ಗಂಡಸರ ಕಂಠಕ್ಕೆ ಒಂದು ಅಥವಾ ಒಂದೂವರೆ ಮನೆ, ಹೆಂಗಸರ ಕಂಠಕ್ಕೆ ಐದು ಅಥವಾ ಐದೂವರೆ ಮನೆ ಎಂದು ಶ್ರುತಿಯನ್ನು ಗುರುತಿಸುವುದು ವಾಡಿಕೆ. ಈ ಹೆಸರು ಸೊಗಸಾಗಿದೆ. ಆದರೆ ಬೆರಳಿನ ಕೆಳಗೆ ಮೂವತ್ತೇಳು ಮನೆಗಳನ್ನು ಇಟ್ಟುಕೊಂಡ ಹಾರ್ಮೋನಿಯಂ ಮೇಷ್ಟ್ರಿಗೆ ಊರಿನಲ್ಲಿ ಸ್ವಂತದ್ದೊಂದು ಮನೆ ಕಟ್ಟಿಕೊಳ್ಳುವುದು ಎಂದೂ ಸುಲಭವಾಗಿರಲಿಲ್ಲ. ಈ ಸಂಗತಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬ ಪ್ರೇರಣೆ ನನಗೆ ಇತ್ತೀಚೆಗೆ ಬಂದುದು ನಮ್ಮ ಬಂಧುಗಳ ಮನೆಯ ಒಂದು ಪ್ರಶ್ನೆಯಿಂದ.

ಕುಣಿಗಲ್ಲಿನಲ್ಲಿರುವ ನನ್ನ ತಂಗಿಯ ಮೊಮ್ಮಗಳು ಇಪ್ಪತ್ತೆರಡು ವರ್ಷದ ಹುಡುಗಿ. ಬೆಂಗಳೂರಿನಲ್ಲಿ ಪದವಿ ಓದುತ್ತಲೇ ಪಿಯಾನೋ ಕಲಿತು, ಅದರ ಪರೀಕ್ಷೆಗಳಲ್ಲಿಯೂ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾಳೆ. ಅಜ್ಜಿಯಿಂದ ಸೋಬಾನೆ ಪದಗಳನ್ನೂ ತತ್ತ್ವಪದಗಳನ್ನೂ ಕಲಿತಿದ್ದಾಳೆ. ಈ ಎರಡನ್ನೂ ಕೂಡಿಸಿ ವೇದಿಕೆಯ ಮೇಲೆ ಹಾಡುತ್ತ, ನುಡಿಸುತ್ತ ಜೀವನ ಮಾಡಬೇಕೆಂಬುದು ಅವಳ ಸಂಕಲ್ಪ. ತಂದೆಯಾದವನು ತುಮಕೂರಿಗೆ ಬಂದು ನನ್ನೆದುರು ಕುಳಿತು, "ಮಾವ, ಹಾಡೋದು ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಅದನ್ನೇ ನಂಬ್ಕೊಂಡು ಬದುಕೋಕಾಗುತ್ತಾ? ದೊಡ್ಡಜ್ಜನ ಕಥೆ ನೀವೇ ನೋಡಿದ್ದೀರಲ್ಲ" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ಅವನು ನೆನಪಿಸಿದ ದೊಡ್ಡಜ್ಜನೆಂದರೆ ನನ್ನ ದೊಡ್ಡಪ್ಪನವರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರಾಗಿದ್ದವರು.

ನಾನು ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ವಚನ ವಾಙ್ಮಯವನ್ನೂ ಓದಿದವನೇ ಹೊರತು ಸಂಗೀತಜ್ಞನಲ್ಲ. ಆದರೆ ನಾನು ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ. ಗುಬ್ಬಿಯ ಸುತ್ತಮುತ್ತ ಹುಟ್ಟಿದವರಿಗೆ ನಾಟಕವೂ ಹಾರ್ಮೋನಿಯಮ್ಮೂ ತೆಂಗು ಅಡಕೆಗಳಷ್ಟೇ ಮನೆಯ ವಿಷಯ. ಎಡೆಯೂರಿನ ತೋಂಟದ ಸಿದ್ಧಲಿಂಗೇಶ್ವರರ ಗುರುಗಳೆಂದು ಪರಂಪರೆ ಸ್ಮರಿಸುವ ಗೋಸಲ ಚನ್ನಬಸವೇಶ್ವರರ ಗದ್ದುಗೆ ಗುಬ್ಬಿಯಲ್ಲಿದೆ. ಆ ಸ್ವಾಮಿಯ ಹೆಸರನ್ನೇ ಹೊತ್ತು 1884ರಲ್ಲಿ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ದಕ್ಷಿಣ ಭಾರತಕ್ಕೆಲ್ಲ ಹೆಸರಾಯಿತು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. 1972ರಲ್ಲಿ ಪದ್ಮಶ್ರೀ ಗೌರವ ಪಡೆದು ಅದೇ ವರ್ಷ ಲಿಂಗೈಕ್ಯರಾದ ಆ ಮಹನೀಯರ ಆತ್ಮಕಥೆಗೆ 'ಕಲೆಯೇ ಕಾಯಕ' ಎಂಬ ಹೆಸರಿದೆ. ನನ್ನ ಪ್ರಸ್ತುತ ಲೇಖನಕ್ಕೂ ಆ ಎರಡು ಪದಗಳೇ ಆಧಾರ.

ದೊಡ್ಡಪ್ಪನವರು ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಒಂದು ಕಂಪನಿಯನ್ನು ಸೇರಿದರು. ಮೊದಲು ಪರದೆ ಎಳೆಯುವ ಕೆಲಸ, ಅನಂತರ ಮೇಷ್ಟ್ರ ಪಕ್ಕದಲ್ಲಿ ಕುಳಿತು ಶ್ರುತಿ ಹಿಡಿಯುವ ಕೆಲಸ, ಕೊನೆಗೆ ಮೇಷ್ಟ್ರ ಪೀಠವೇ ದೊರೆಯಿತು. ಕಂಪನಿ ನಾಟಕಗಳಲ್ಲಿ ಬಳಸುತ್ತಿದ್ದುದು ಕಾಲಿನಿಂದ ತಿದಿಯೊತ್ತುವ ಲೆಗ್ ಹಾರ್ಮೋನಿಯಂ. ಕೈಹಾರ್ಮೋನಿಯಮ್ಮಿನಲ್ಲಿ ಒಂದು ಕೈ ಗಾಳಿ ತುಂಬುವುದಕ್ಕೇ ಮೀಸಲಾಗುತ್ತದೆ. ಲೆಗ್ ಹಾರ್ಮೋನಿಯಮ್ಮಿನಲ್ಲಿ ಪಾದಗಳೆರಡು ಗಾಳಿಯ ಕೆಲಸ ನೋಡಿಕೊಳ್ಳುವುದರಿಂದ ಹತ್ತೂ ಬೆರಳುಗಳು ನುಡಿಸಲು ಬಿಡುವಾಗಿರುತ್ತವೆ. ರಂಗದ ಮುಂಭಾಗದಲ್ಲಿ, ನಟನ ಮುಖ ಕಾಣುವಂತೆ ಮೇಷ್ಟ್ರ ಆಸನ. ರಾತ್ರಿ ಒಂಬತ್ತಕ್ಕೆ ಕುಳಿತರೆ ಏಳುವುದು ಬೆಳಗಿನ ಜಾವಕ್ಕೆ.

ಆ ಆಸನದಲ್ಲಿ ಕುಳಿತವರ ಹೊಣೆ ಪ್ರೇಕ್ಷಕರಿಗೆ ತೋರುತ್ತಿದ್ದುದಕ್ಕಿಂತ ಬಹಳ ದೊಡ್ಡದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕೆಂದು ನಟರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ನಟನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಆ ಬರಿದನ್ನು ವಾದ್ಯ ತುಂಬಬೇಕು. ಅವನು ಪದ್ಯ ಮರೆತು ನಿಂತರೆ ಅದರ ಎತ್ತುಗಡೆಯನ್ನು ನುಡಿಸಿ ನೆನಪಿಸಬೇಕು. ಗಂಟಲು ಕೆಟ್ಟ ರಾತ್ರಿ, ನೋಡುವವರಿಗೆ ತಿಳಿಯದಂತೆ ಶ್ರುತಿಯನ್ನು ಅರ್ಧ ಮನೆ ಕೆಳಗಿಳಿಸಿ ಅವನ ಮಾನ ಉಳಿಸಬೇಕು. ಜನ 'ಒನ್ಸ್ ಮೋರ್' ಎಂದು ಕೂಗಿದಾಗ ಚಪ್ಪಾಳೆ ನಟನಿಗೆ. ಮೇಷ್ಟ್ರಿಗೆ ಅದೇ ಹಾಡನ್ನು ಮತ್ತೊಮ್ಮೆ ನುಡಿಸುವ ಕೆಲಸ.

ಸಿನಿಮಾ ಬಂದು ಕಂಪನಿಗಳ ಗಲ್ಲಾಪೆಟ್ಟಿಗೆ ಬರಿದಾದ ಮೇಲೆ ದೊಡ್ಡಪ್ಪನವರಿದ್ದ ಕಂಪನಿಯೂ ಮುಚ್ಚಿತು. ಬಾಕಿ ಸಂಬಳಕ್ಕೆ ಬದಲಾಗಿ ಅವರಿಗೆ ದೊರೆತದ್ದು ತಾವು ನುಡಿಸುತ್ತಿದ್ದ ಹಾರ್ಮೋನಿಯಂ ಮಾತ್ರ. ಗುಬ್ಬಿ ರೈಲು ನಿಲ್ದಾಣದಿಂದ ಅದನ್ನು ಎತ್ತಿನ ಗಾಡಿಯಲ್ಲಿ ಊರಿಗೆ ತಂದರಂತೆ. ನಾನು ಕಂಡದ್ದು ಅಲ್ಲಿಂದ ಮುಂದಿನ ಅವರ ಬದುಕನ್ನು. ಸುಗ್ಗಿ ಮುಗಿದೊಡನೆ ಯಾವುದಾದರೂ ಹಳ್ಳಿಯವರು ಬಂದು ಪೌರಾಣಿಕ ನಾಟಕ ಕಲಿಸಿಕೊಡುವಂತೆ ಕೇಳುತ್ತಿದ್ದರು. ಎರಡು ಮೂರು ತಿಂಗಳು ಪ್ರತಿ ರಾತ್ರಿ ಕಲಿಸಬೇಕು. ಹಗಲು ಉಳುವ ರೈತನೇ ರಾತ್ರಿ ದುರ್ಯೋಧನ. ಪಾತ್ರಕ್ಕೆ ಇಷ್ಟೆಂದು ನಟರೇ ಹಣ ಹಾಕಿ ಮೇಷ್ಟ್ರಿಗೆ, ಸೀನರಿಗೆ, ಪೋಷಾಕಿಗೆ ಕೊಡುವ ಪದ್ಧತಿ. ಇಂದಿಗೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಡೆಯುವುದು ಹೀಗೆಯೇ.

ಅವರು ಇಟ್ಟುಕೊಂಡಿದ್ದ ಲೆಕ್ಕದ ಪುಸ್ತಕವೊಂದು ಈಗಲೂ ನನ್ನ ಬಳಿ ಇದೆ. ಒಂದು ಹಳ್ಳಿಯ ಹೆಸರಿನ ಮುಂದೆ 'ರಾಗಿ ಎರಡು ಪಲ್ಲ, ತೆಂಗಿನಕಾಯಿ ಐವತ್ತು, ನಗದು ನೂರಿಪ್ಪತ್ತು' ಎಂದಿದೆ. ಇನ್ನೊಂದರ ಮುಂದೆ ನಗದಿನ ಜಾಗದಲ್ಲಿ ಬರಿಯ ಗೆರೆ. ಕೊಡದೆ ಉಳಿಸಿಕೊಂಡವರ ಮೇಲೆ ಒಂದು ಕಟುನುಡಿಯೂ ಆ ಪುಸ್ತಕದಲ್ಲಿಲ್ಲ. ಆದರೆ ಅವರ ಮಗಳಿಗೆ ಗೊತ್ತಾದ ಸಂಬಂಧವೊಂದು 'ನಾಟಕದವರ ಮನೆ' ಎಂಬ ಒಂದೇ ಕಾರಣಕ್ಕೆ ಮುರಿದು ಬಿದ್ದ ದಿನ, ದೊಡ್ಡಪ್ಪನವರು ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿ ಒಂದು ತಿಂಗಳು ಮುಟ್ಟಲಿಲ್ಲ. ಬೇಡವೆಂದ ಮನೆಯವರು ಪ್ರತಿ ವರ್ಷ ನಾಟಕದ ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಿದ್ದವರೇ. ನನ್ನ ತಂಗಿಯ ಮಗ 'ದೊಡ್ಡಜ್ಜನ ಕಥೆ' ಎಂದಾಗ ಅವನ ಮನಸ್ಸಿನಲ್ಲಿದ್ದುದು ಈ ಘಟನೆಯೇ.

ಇಲ್ಲಿ ಒಂದು ವಿಚಾರವನ್ನು ನಾವು ನೆಮ್ಮದಿಯಿಂದ ಕುಳಿತು ಯೋಚಿಸಬೇಕು. ವಾದ್ಯ ನುಡಿಸಿ ಜೀವಿಸುವುದು ನಮ್ಮ ಪರಂಪರೆಗೆ ಹೊಸದಲ್ಲ. ಅಕ್ಕಸಾಲಿಗ ವೃತ್ತಿಯನ್ನು ತೊರೆದು ಕಲ್ಯಾಣಕ್ಕೆ ಬಂದ ಕಿನ್ನರಿ ಬೊಮ್ಮಯ್ಯನವರು ತ್ರಿಪುರಾಂತಕ ದೇವಾಲಯದಲ್ಲಿ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿಸಿಕೊಂಡರೆಂದೂ, ಅದರಿಂದ ದೊರೆತ ಹೊನ್ನಿನಿಂದ ದಾಸೋಹ ನಡೆಸಿದರೆಂದೂ ಶರಣರ ಕಥೆಗಳು ಹೇಳುತ್ತವೆ. ತಮ್ಮ ದೇಹವನ್ನೇ ವಾದ್ಯವನ್ನಾಗಿ ಮಾಡಿ ನುಡಿಸೆಂದು ಬಸವಣ್ಣನವರು ದೇವರನ್ನು ಬೇಡಿಕೊಂಡ ವಚನ ನಮ್ಮ ಮನೆಮನೆಯ ಮಕ್ಕಳಿಗೂ ಗೊತ್ತು. ಆ ವಚನವನ್ನು ಮದುವೆ ಮಂಟಪದಲ್ಲಿ ಹಾಡಿಸಿ, ಹಾಡಿದವನಿಗೆ ಹೆಣ್ಣು ಕೊಡಲು ಹಿಂಜರಿದರೆ ವಚನವನ್ನು ನಾವು ಕೇಳಿದಂತಾಗುವುದಿಲ್ಲ.

ಇನ್ನು ಹುಡುಗಿಯ ಸಂಕಲ್ಪದ ಎರಡನೆಯ ಭಾಗ: ವಿದೇಶದ ವಾದ್ಯದೊಂದಿಗೆ ನಮ್ಮ ಜನಪದ ಗೀತೆ ಹೊಂದುವುದೇ ಎಂಬುದು. ಹಾರ್ಮೋನಿಯಮ್ಮೂ ನಮ್ಮದಲ್ಲ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಪೇಟೆಂಟ್ ಆಯಿತು; ಅನಂತರ ಕಲ್ಕತ್ತೆಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ರೂಪವನ್ನು ಪಡೆಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದರಲ್ಲಿ ಬರುವುದಿಲ್ಲವೆಂಬ ಆಕ್ಷೇಪದಿಂದ 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿತು. 1971ರವರೆಗೂ ಆ ಬಾಗಿಲು ಮುಚ್ಚಿಯೇ ಇತ್ತು. ಆಕ್ಷೇಪದಲ್ಲಿ ಸತ್ಯಾಂಶವಿದೆ. ನಮ್ಮ ಸೋಬಾನೆ ಪದಗಳು ನಾಲ್ಕೈದು ಸ್ವರಗಳಲ್ಲೇ ಸುತ್ತುತ್ತವೆ. ಆದರೆ ಆ ಸ್ವರಗಳು ಎರಡು ಮನೆಗಳ ನಡುವಿನ ಓಣಿಯಲ್ಲಿ ಇರುತ್ತವೆ. ಹಾಡುವ ಅಜ್ಜಿಗೆ ಆ ಓಣಿ ಗೊತ್ತು, ಪೆಟ್ಟಿಗೆಗೆ ಗೊತ್ತಿಲ್ಲ.

ದೊಡ್ಡಪ್ಪನವರು ಇದಕ್ಕೆ ಕಂಡುಕೊಂಡ ಉಪಾಯವನ್ನು ನಾನು ಅನೇಕ ಸಲ ನೋಡಿದ್ದೇನೆ. ನಾಟಕದ ಹಾಡಿಗೆ ಅವರ ಬೆರಳು ಬಿಡುವಿಲ್ಲದೆ ಓಡುತ್ತಿತ್ತು. ಸೋಮವಾರದ ಭಜನೆಯಲ್ಲಿ ತತ್ತ್ವಪದಕ್ಕೆ ಕುಳಿತಾಗ ಅಥವಾ ಮದುವೆ ಮನೆಯಲ್ಲಿ ಹೆಂಗಸರ ಸೋಬಾನೆಗೆ ಜೊತೆಯಾದಾಗ ಅವರು ಷಡ್ಜವೊಂದನ್ನು ಮೆಲ್ಲಗೆ ಹಿಡಿದು, ಹಾಡು ಜಾರುವ ಕಡೆ ಕೈಯನ್ನೇ ಎತ್ತಿಬಿಡುತ್ತಿದ್ದರು. ಸಾಲು ಮುಗಿದು ಎಲ್ಲರೂ ಒಟ್ಟಿಗೆ ಸೊಲ್ಲು ಎತ್ತುವಾಗ ಮತ್ತೆ ಕೂಡಿಕೊಳ್ಳುತ್ತಿದ್ದರು. ಯಾರೋ ಕಾರಣ ಕೇಳಿದ್ದಕ್ಕೆ, "ಅಲ್ಲಿ ನನ್ ಪೆಟ್ಟಿಗೆಗೆ ಕೆಲಸ ಇಲ್ಲಪ್ಪ. ಅದು ಅವ್ವನ ಜಾಗ" ಎಂದಿದ್ದರು.

ಈ ಮಾತನ್ನು ನಾನು ಹುಡುಗಿಗೆ ಹೇಳಿದಾಗ ಅವಳು ತನ್ನ ವಾದ್ಯದ ಗುಣವೊಂದನ್ನು ನನಗೆ ವಿವರಿಸಿದಳು. ಹಾರ್ಮೋನಿಯಮ್ಮಿನಲ್ಲಿ ಗಾಳಿ ಹಿತ್ತಾಳೆಯ ನಾಲಗೆಗಳನ್ನು ನುಡಿಸುವುದರಿಂದ, ಬೆರಳು ಒತ್ತಿದಷ್ಟು ಹೊತ್ತೂ ನಾದ ನಿಲ್ಲುತ್ತದೆ. ಪಿಯಾನೋದಲ್ಲಿ ಒಳಗಿನ ಪುಟ್ಟ ಸುತ್ತಿಗೆ ತಂತಿಯನ್ನು ಹೊಡೆದು ಹಿಂದಕ್ಕೆ ಸರಿಯುತ್ತದೆ. ನಾದ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. "ಅದು ಕರಗೋ ಹೊತ್ತಿಗೆ ಅಜ್ಜಿ ಪದ ಜಾರುತ್ತೆ ತಾತ, ಅದಕ್ಕೇ ಜಗಳ ಆಗಲ್ಲ" ಎಂದಳು. ಅನಂತರ ಹಾಡಿ ತೋರಿಸಿದಳು. ಎಂಬತ್ತೆಂಟು ಮನೆಗಳ ಆ ವಾದ್ಯದಲ್ಲಿ ಅವಳು ಮುಟ್ಟಿದ್ದು ಏಳೆಂಟನ್ನು ಮಾತ್ರ. ಗುರುವೇ ಇಲ್ಲದೆ ದೊಡ್ಡಪ್ಪನವರ ವಿದ್ಯೆಯನ್ನು ಈ ಮಗು ಕಲಿತಿದೆಯಲ್ಲ ಎಂದು ನನಗೆ ಸಂತೋಷವಾಯಿತು.

ಪಿಯಾನೋ ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೋ ವಾದಕರಾಗಿ ವೇದಿಕೆಯೇರುವ ಆಸೆಯನ್ನು ಹೊತ್ತಿದ್ದವರು. 1940ರಲ್ಲಿ ಸಿಂಹಾಸನದ ಭಾರ ಹೆಗಲಿಗೆ ಬಂದುದರಿಂದ ಆ ಆಸೆ ಕೈಗೂಡಲಿಲ್ಲ. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಮನ್ನಣೆಯನ್ನು ಪಡೆದರು. ರಷ್ಯಾದ ಸಂಗೀತಗಾರ ಮೆಡ್ಟ್‌ನರ್ ಇಂಗ್ಲೆಂಡಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ತಾವೇ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಮಿಕ್ಕ ಕೃತಿಗಳನ್ನು ರಚಿಸಿದರು. ಅರಸರಿಗೆ ವಾದ್ಯವಿತ್ತು, ವಿದ್ಯೆಯಿತ್ತು, ವೇದಿಕೆ ಏರಲು ಸಿಂಹಾಸನ ಬಿಡಲಿಲ್ಲ. ನಮ್ಮ ದೊಡ್ಡಪ್ಪನವರಿಗೆ ವೇದಿಕೆಯ ಎದುರಿನಲ್ಲೇ ಆಸನವಿತ್ತು, ನೆಮ್ಮದಿಯ ಊಟವಿರಲಿಲ್ಲ.

ಜನಪದ ಗೀತೆಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ನನ್ನ ಅಜ್ಜಿಯ ಕಾಲದಲ್ಲಿ ಹಾಡು ವೃತ್ತಿಯಾಗಿರಲಿಲ್ಲ, ಕೆಲಸದ ಜೊತೆಗಾರನಾಗಿತ್ತು. ಕಲ್ಲಿನಲ್ಲಿ ರಾಗಿ ಎಷ್ಟಿದೆಯೋ ಪದ ಅಷ್ಟುದ್ದ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹೆಂಗಸರ ತೋಳಿಗೆ ವಿಶ್ರಾಂತಿ ಸಿಕ್ಕಿತು. ಅದು ಒಳ್ಳೆಯದೇ. ಆದರೆ ಬೀಸುವ ಪದಕ್ಕೆ ಹಾಡಿಸಿಕೊಳ್ಳುವ ಹೊತ್ತು ಇಲ್ಲವಾಯಿತು. ಇನ್ನು ಅದು ಬದುಕಬೇಕಾದರೆ ಯಾರಾದರೂ ಅದನ್ನು ಹಾಡಲೆಂದೇ ಹಾಡಬೇಕು, ಯಾರಾದರೂ ಕೇಳಲೆಂದೇ ಕೂರಬೇಕು. ಕುಣಿಗಲ್ ಕೆರೆಯನ್ನು ಕುರಿತ ಜನಪದ ಗೀತೆ ನಾಡಿನ ಮೂಲೆಮೂಲೆಯಲ್ಲಿ ಕೇಳುತ್ತದೆ. ಕೆರೆಯನ್ನು ಕಾಣದವರೂ ಅದನ್ನು ಹಾಡುತ್ತಾರೆ. ಹಾಡನ್ನು ಕೆಲಸದಿಂದ ಬಿಡಿಸಿ ವೇದಿಕೆಗೆ ತಂದ ಗಾಯಕರಿಂದಲೇ ಇದು ಸಾಧ್ಯವಾಯಿತು. ಆದಕಾರಣ ಜನಪದ ಗಾಯನವನ್ನು ವೃತ್ತಿ ಮಾಡಿಕೊಂಡವರು ಅದನ್ನು ಮಾರಾಟಕ್ಕಿಟ್ಟವರೆಂದು ಹಳಿಯುವುದು ಸರಿಯಲ್ಲ.

ಹಾಗಾದರೆ ಬದುಕೋಕಾಗುತ್ತದೆಯೇ ಎಂಬ ತಂದೆಯ ಪ್ರಶ್ನೆಗೆ ಉತ್ತರವೇನು? ಯಾರ ಬದುಕು ಈ ದಾರಿಯಲ್ಲಿ ನೆಲೆ ಕಂಡಿತೆಂದು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ದಕ್ಷಿಣ ಕನ್ನಡದಿಂದ ಬಂದ ಬಾಲಕ ಬಿ. ವಿ. ಕಾರಂತರಿಗೆ ಗುಬ್ಬಿ ಕಂಪನಿ ಅನ್ನ ಕೊಟ್ಟಿತು. ವೀರಣ್ಣನವರು ಅವರನ್ನು ಓದಲು ಕಾಶಿಗೆ ಕಳುಹಿಸಿದರು. ಅಲ್ಲಿ ಅವರು ಓಂಕಾರನಾಥ ಠಾಕೂರರಿಂದ ಸಂಗೀತವನ್ನೂ ಕಲಿತು ಬಂದು ಕನ್ನಡ ರಂಗಸಂಗೀತಕ್ಕೆ ಹೊಸ ದಾರಿ ತೋರಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಅದೇ ಕಂಪನಿಯ ಮಡಿಲಲ್ಲಿ ಬೆಳೆದು, ಜನಪದ ಮಟ್ಟುಗಳನ್ನು ತುಂಬುಕಂಠದಲ್ಲಿ ಹಾಡುತ್ತ, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 2013ರಲ್ಲಿ ಪದ್ಮಶ್ರೀ ಪಡೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳೂ, ಹಾರ್ಮೋನಿಯಂ ಸಹಿತ ಅನೇಕ ವಾದ್ಯಗಳಲ್ಲಿ ಪರಿಣತರಾಗಿದ್ದ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ, ಅನಾಥ ಮಕ್ಕಳನ್ನು ಸಂಗೀತದಿಂದಲೇ ಸ್ವಾವಲಂಬಿಗಳನ್ನಾಗಿ ಮಾಡಿದರು. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜರು ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದವರು. ಈ ಎಲ್ಲ ಕಡೆಯೂ ವಿದ್ಯೆ ಪಕ್ವವಾಗುವವರೆಗೆ ಕಲಿಯುವವರ ತಟ್ಟೆಗೆ ಅನ್ನ ಬೀಳುವಂತೆ ನೋಡಿಕೊಂಡವರೊಬ್ಬರು ಇದ್ದರು. ದೊಡ್ಡಪ್ಪನವರಿಗೆ ಕಂಪನಿಯ ಅಡುಗೆಮನೆ ಇರುವವರೆಗೆ ಆ ಆಸರೆಯಿತ್ತು. ಅದು ಮುಚ್ಚಿದ ಮೇಲೆ ಊರು ಆ ಜಾಗಕ್ಕೆ ಬರಲಿಲ್ಲ. ಅವರ ವಿದ್ಯೆಯಲ್ಲಿ ಕೊರತೆಯೇನೂ ಇರಲಿಲ್ಲ.

ಆದ್ದರಿಂದ ನಾನು ತಂಗಿಯ ಮಗನಿಗೆ ಹೇಳಿದ್ದಿಷ್ಟು: "ಕಲೆ ಅವಳಿಗೆ ಅನ್ನ ಹಾಕುತ್ತದೆಯೇ ಎಂದು ಕೇಳುತ್ತಿದ್ದೀಯ. ಅವಳ ಕಲೆ ಮಾಗುವವರೆಗೆ ಯಾರು ಅನ್ನ ಹಾಕುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸು." ಹುಡುಗಿಗೆ ಹೇಳಿದ್ದು ಬೇರೆ. ವೇದಿಕೆಯ ಆದಾಯ ಮಳೆಯಾಶ್ರಯದ ಹೊಲದಂತೆ. ಅದರ ಪಕ್ಕದಲ್ಲಿ ಸಣ್ಣದೊಂದು ಬಾವಿಯೂ ಇರಬೇಕು. ದೊಡ್ಡಜ್ಜನಂತೆ ಲೆಕ್ಕ ಬರೆ, ಆದರೆ ಬರೆದದ್ದನ್ನು ಕೇಳಿ ಪಡೆದುಕೋ. ಕಾಯಕಕ್ಕೆ ತಕ್ಕ ಕೂಲಿಯನ್ನು ಕೇಳುವುದು ದುರಾಸೆಯಲ್ಲ. ಕೊನೆಗೆ ಮನೆಯವರೆಲ್ಲ ಕುಳಿತು ಒಂದು ಒಪ್ಪಂದಕ್ಕೆ ಬಂದರು. ವಾರದ ದಿನಗಳಲ್ಲಿ ಅವಳು ಮಕ್ಕಳಿಗೆ ಸಂಗೀತ ಪಾಠ ಹೇಳುವುದು, ಶನಿವಾರ ಭಾನುವಾರಗಳು ಕಚೇರಿಗೆ ಮೀಸಲು, ಮೂರು ವರ್ಷಗಳವರೆಗೆ ಮದುವೆಯ ಮಾತಾಗಲಿ ಬ್ಯಾಂಕ್ ಪರೀಕ್ಷೆಯ ಮಾತಾಗಲಿ ಎತ್ತತಕ್ಕದ್ದಲ್ಲ. ಈ ಕೊನೆಯ ಷರತ್ತನ್ನು ಹಾಕಿದವಳು ನನ್ನ ತಂಗಿ. "ನನ್ ಪದಗಳು ನನ್ ಜೊತೇಲೇ ಹೋಗ್ತವೆ ಅಂದ್ಕೊಂಡಿದ್ದೆ ಅಣ್ಣಯ್ಯ" ಎಂದು ಅವಳು ಆಮೇಲೆ ನನ್ನೊಬ್ಬನಿಗೆ ಹೇಳಿದಳು. ಮೂರು ವರ್ಷಗಳ ನಂತರ ಏನಾಗುವುದೋ ನಾವಾರೂ ಬಲ್ಲವರಲ್ಲ.

ಓದುಗ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ಇಂದು ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಅವರ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿಯನ್ನೂ ಕೊಡುತ್ತದೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ನಮ್ಮ ಮನೆಗಳ ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ಶಿವರಾತ್ರಿಯ ಜಾಗರಣೆಯಲ್ಲಿ ಹಾಡಲು ಬಂದವರಿಗೆ ಹಾರ ಶಾಲುಗಳ ಜೊತೆಗೆ ಅವರ ದುಡಿಮೆಯ ಹಣವನ್ನೂ ಅಂದೇ, ಅವರು ಕೇಳುವ ಮೊದಲೇ ಕೊಡುವುದು ನಮ್ಮ ಕೈಯಲ್ಲಿರುವ ಕೆಲಸ. ಮನೆಯಲ್ಲಿ ಸೋಬಾನೆ ಬಲ್ಲ ಅಜ್ಜಿಯಿದ್ದರೆ ಮಕ್ಕಳ ಕೈಯಲ್ಲಿರುವ ಫೋನಿನಲ್ಲಿ ಆಕೆಯ ಹಾಡನ್ನು ಪೂರ್ತಿಯಾಗಿ, ವಾದ್ಯವಿಲ್ಲದೆ ಒಮ್ಮೆ ಮುದ್ರಿಸಿಕೊಳ್ಳಲಿ. ಆಕೆಯ ಹೆಸರು, ತವರೂರು, ಪದವನ್ನು ಯಾರಿಂದ ಕಲಿತದ್ದು ಎಂಬ ವಿವರವನ್ನೂ ಅದರೊಡನೆ ಬರೆದಿಡಲಿ. ಜಾತ್ರೆಯ ಬಿಡುವಿನಲ್ಲೋ ಹಬ್ಬದ ಮಧ್ಯಾಹ್ನದಲ್ಲೋ ಒಂದು ಗಂಟೆ ಸಾಕು.